ಬೆಳೆದಿಲ್ಲ ಎಂದು ಬರೆಯುವ ಮೊದಲು

ಸೋಮವಾರ ಸಂಜೆ ಬಂದದ್ದು ಎರಡು ಸಿರಿಂಜು,
ಒಂದೇ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿ.
ಮಂಡ್ಯದ ಆಸ್ಪತ್ರೆ, ನೆಲಮಹಡಿಯ ಲ್ಯಾಬು,
ಕಿಟಕಿಯಾಚೆ ಕಬ್ಬಿನ ಲಾರಿಗಳ ಹಾರನ್ನು.

ಮೊದಲನೆಯದು ಹತ್ತು ವರ್ಷದ ಹುಡುಗನ ಸೊಂಟದ ಕೀಲಿನದು.
ಕೀವು. ಗಟ್ಟಿ, ಮುಚ್ಚುಮರೆ ಇಲ್ಲದ್ದು.
ನೂರಾಮೂರು ಜ್ವರ, ಮುಟ್ಟಿದರೆ ಚೀರುತ್ತಾನೆ ಎಂದು ಚೀಟಿಯಲ್ಲಿತ್ತು;
ಬರೆಯದಿದ್ದರೂ ಗೊತ್ತಾಗುತ್ತಿತ್ತು.
ನೇರಳೆ, ಅಯೋಡಿನ್, ಸ್ಪಿರಿಟ್ಟು, ಕೆಂಪು,
ಕಣ್ಣಿಟ್ಟರೆ ಸಾಕು, ದ್ರಾಕ್ಷಿ ಗೊಂಚಲು.
ಬೆಳಿಗ್ಗೆ ತಟ್ಟೆಯ ತುಂಬ
ಕೆನೆಗೆ ಅರಿಶಿನ ತಾಗಿದಂಥ ದುಂಡು ಚುಕ್ಕೆ.
ಸ್ಟ್ಯಾಫ್. ಜೋರುಬಾಯಿಯ ಸೋದರಮಾವನ ಹಾಗೆ
ಹೊಸಿಲು ದಾಟುವ ಮುಂಚೆಯೇ ಬೀದಿಗೆಲ್ಲ ಗೊತ್ತು.

ಎರಡನೆಯದು ಮೋಕ್ಷಿತಾ, ಒಂದೂವರೆ ವರ್ಷ, ಕೆರಗೋಡಿನ ಕಡೆಯವಳು.
ಮೊಣಕಾಲು. ಒಂದೇ ಮಿಲಿ, ತಿಳಿಗಂಜಿಯಂತೆ.
ಜ್ವರ ಇದೆಯೆಂದರೆ ಇದೆ.
ಅಷ್ಟೇನೂ ಅಳುವುದಿಲ್ಲವಂತೆ, ನಿಲ್ಲುವುದೂ ಇಲ್ಲ.
ಅವಳಜ್ಜಿ ಚಿಕ್ಕತಾಯಮ್ಮ ಕೌಂಟರಿನ ಕಂಬಿ ಹಿಡಿದು
"ಉಳುಕು ಅಂದ್ಕೊಂಡು ಎಣ್ಣೆ ನೀವ್ಸಿದೆ ಕಣವ್ವ,
ಮೂರು ದಿನ ನೀವ್ಸಿದೆ. ತಪ್ಪಾಯ್ತಾ?"
ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.

ಗಾಜಿನ ಮೇಲೆ ಕೀವಿನ ಕಣಗಳಷ್ಟೇ. ಬೇರೆ ಯಾರೂ ಇಲ್ಲ.
ಬನ್ನೂರು ಕುರಿಯ ರಕ್ತ ಬೆರೆಸಿದ ತಟ್ಟೆಯೊಂದು,
ಅದೇ ರಕ್ತ ಕಾಯಿಸಿ ಕಂದು ಮಾಡಿದ್ದು ಇನ್ನೊಂದು,
ಎರಡನ್ನೂ ಡಬ್ಬದೊಳಗಿಟ್ಟು ಮೇಣದಬತ್ತಿ ಹಚ್ಚಿ ಮುಚ್ಚಿದೆ.
ಬತ್ತಿ ತಾನಾಗಿ ಆರುವವರೆಗೆ ನೋಡುವುದು ನನ್ನ ಚಟ.

ಮಂಗಳವಾರ ಇಲ್ಲ.
ಬುಧವಾರ ಇಲ್ಲ.

ಹನ್ನೊಂದು ವರ್ಷದ ಹಿಂದೆ, ಕೆಲಸ ಹೊಸದು,
ಇಂಥದೇ ಒಂದು ಮೊಣಕೈಗೆ ಎರಡನೇ ದಿನಕ್ಕೇ
"ಬೆಳೆದಿಲ್ಲ" ಎಂದು ಬರೆದು ಸಹಿ ಹಾಕಿದ್ದೆ.
ಅಕ್ಷರ ದುಂಡಗಿತ್ತು. ಆ ಮಗು ಈಗ ಏಳನೇ ಕ್ಲಾಸಿರಬೇಕು,
ಕೈ ನೆಟ್ಟಗೆ ಚಾಚುತ್ತಾನೋ ಏನೋ.
ಬೆಳೆದಿಲ್ಲ ಎಂದರೆ ಇಲ್ಲ ಎಂದಲ್ಲ.
ನಾವು ಹಾಕಿದ ಎಲೆಗೆ ಬಂದು ಕೂರಲಿಲ್ಲ, ಅಷ್ಟೇ.

ಅದಕ್ಕೇ ಈ ಸಲ ಸಿರಿಂಜಿನ ತಳದ ಹನಿಗಳನ್ನು
ಬ್ಲಡ್ ಕಲ್ಚರ್ ಬಾಟಲಿಗೂ ಚುಚ್ಚಿ ಬಿಟ್ಟಿದ್ದೆ.
ದಟ್ಟ ಕೀವಿನಲ್ಲಿ ಉಸಿರುಕಟ್ಟುವುದು
ತೆಳ್ಳನೆ ಸಾರಿನಲ್ಲಿ ಚೇತರಿಸಿಕೊಂಡೀತು.
ಮೇಲೆ ವಾರ್ಡಿನಲ್ಲಿ ಇಬ್ಬರಿಗೂ ಒಂದೇ ಕ್ಲಿಂಡಾಮೈಸಿನ್.
ಹುಡುಗ ಇಡ್ಲಿ ಕೇಳಿದನಂತೆ.
ಮೋಕ್ಷಿತಾಳ ಮೊಣಕಾಲು ಹಾಗೇ.

ಗುರುವಾರ ರಾತ್ರಿ ಎರಡೂಕಾಲಿಗೆ ಯಂತ್ರ ಕೂಗಿತು.
ಗುಲಾಬಿ ಕಡ್ಡಿಗಳು, ಮೋಟು, ಜೋಡಿ ಜೋಡಿ,
ಕೆಲವಕ್ಕೆ ನೇರಳೆ ಇನ್ನೂ ಅಂಟಿಕೊಂಡಿದೆ,
ಮೊದಲ ನೀರಿಗೆ ಬಣ್ಣ ಬಿಡಲೊಲ್ಲದ ಸೀರೆಯಂತೆ.
ನಾನೇ ಸರಿಯಾಗಿ ತೊಳೆಯಲಿಲ್ಲವೇನೋ ಎಂದು
ಇನ್ನೊಂದು ಗಾಜು. ಮತ್ತೂ ಅದೇ.

ಡಾಕ್ಟರ್ ಫಣೀಶರ ದನಿ ಪೂರ್ತಿ ನಿದ್ದೆ:
"ಚರ್ಮದ್ದು ಏನೋ ಸೇರಿರಬೇಕು, ಬಿಡಿ."
"ಚರ್ಮದ್ದಲ್ಲ ಸರ್, ಗಂಟಲಿನದು.
ಅಂಗನವಾಡಿಯಲ್ಲಿ ಒಂದು ಲೋಟ, ಹತ್ತು ಬಾಯಿ.
ನೆಗಡಿಯ ಸಂದಿನಲ್ಲಿ ರಕ್ತಕ್ಕಿಳಿದು ಕೀಲಿಗೆ ಬಂದು ಕೂತಿದೆ.
ಕಿಂಗೆಲ್ಲಾ ಇರಬಹುದು. ಈ ಔಷಧಿಗೆ ಅದು ಜಗ್ಗಲ್ಲ."
ಆಚೆ ಮಂಚ ಕಿರುಗುಟ್ಟಿತು.
"ಬೆಳಿಗ್ಗೆ ಪ್ಲೇಟ್ ತೋರಿಸಿ" ಎಂದರು.
ಔಷಧಿ ಮೂರು ಗಂಟೆಗೇ ಬದಲಾಗಿತ್ತೆಂದು
ನರ್ಸ್ ಸುಗಂಧಿ ಆಮೇಲೆ ಹೇಳಿದಳು.

ಶನಿವಾರ ತಟ್ಟೆಯಲ್ಲಿ ಬೂದು ಚುಕ್ಕೆಗಳು, ನಾಚಿಕೆಯವು.
ಒಂದನ್ನು ಎತ್ತಿದರೆ ಅಡಿಯಲ್ಲಿ ಸಣ್ಣ ಕುಳಿ,
ಬಿಸಿಮುದ್ದೆಗೆ ಬೆರಳು ಒತ್ತಿದ ಹಾಗೆ.

"ಏನಂತವ್ವ ಅದರ ಹೆಸ್ರು?" ಚಿಕ್ಕತಾಯಮ್ಮ.
ಕಿಂಗೆಲ್ಲಾ ಎಂದೆ.
"ಕಿಂಗಲ್ವಾ? ಮತ್ತಿನ್ಯಾರು, ಮಂತ್ರಿಯಾ?"
ನಗು ತಡೆಯಲಾಗಲಿಲ್ಲ. ಹೇಳಲೂ ಇಲ್ಲ ಅವಳಿಗೆ,
ಅದು ದೂರದ ದೇಶದ ಲ್ಯಾಬೊಂದರ ಹೆಂಗಸಿನ ಹೆಸರಂತೆ,
ಅವಳೂ ಎಷ್ಟು ತಟ್ಟೆಗಳ ಮುಂದೆ ಕಾದಿದ್ದಳೋ.
ಮೋಕ್ಷಿತಾ ಅಜ್ಜಿಯ ಸೊಂಟದಿಂದ ಜಾರಿ
ಬೆಂಚು ಹಿಡಿದಳು. ಒಂದು ಕಾಲು ಊರಿದಳು.
ಇನ್ನೊಂದರ ಹೆಬ್ಬೆರಳು ಮಾತ್ರ.

ಒಳಗೆ ಫೋನು. ಮಳವಳ್ಳಿಯಿಂದ ಇನ್ನೊಂದು ಸಿರಿಂಜು,
ಚೀಟಿಯಲ್ಲಿ ವಯಸ್ಸು ಬರೆದಿಲ್ಲವಂತೆ.
ಮೊದಲು ಅದನ್ನು ಕೇಳಿ, ಎಂದೆ.
ತಿಂಗಳ ಸಮೇತ.